ಯಾವ ಮನೆಯ ಮಗು

೧೨-೧-೧೯೬೧, ಗುರುವಾರ
ಮೂಡಬಿದಿರೆ

ಮಗಳು ಪ್ರೇಮಾವತಿಯನ್ನು ಆಸ್ಪತ್ರೆಗೆ ಸೇರಿಸಿಯಾಯಿತು. ಕಾಲಿನ ಬಾವು ಮೊಣಕಾಲು ದಾಟಿದೆ, ಮುಖವೂ ಊದಿದೆ. ಮೂತ್ರಪಿಂಡದ ಕಾಯಿಲೆ ಎಂದು ಡಾಕ್ಟರು ಹೇಳಿದರು. ಉಪ್ಪು ಮುಟ್ಟಬಾರದು, ಎದ್ದು ಓಡಾಡಬಾರದು. ಎಷ್ಟು ಸಮಯ ಬೇಕು ಎಂದು ಕೇಳಿದ್ದಕ್ಕೆ "ನೋಡುವ" ಎಂದರು. "ನೋಡುವ" ಎನ್ನುವ ಡಾಕ್ಟರನ್ನು ನಾನು ನಂಬುವುದಿಲ್ಲ. ಆದರೆ ಬಂಟ್ವಾಳದಲ್ಲಿ ಯಾರನ್ನು ಕೇಳಿದರೂ ಇವರ ಹೆಸರನ್ನೇ ಹೇಳಿದ್ದರು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಮನೆಯವರು ಜೈನರು, ಮರ್ಯಾದಸ್ಥರು. ಅವರದು ಒಂದೇ ಷರತ್ತು: ಕೋಣೆಯಲ್ಲಿ ಒಲೆ ಹೊತ್ತಿಸಬಾರದು. ಹಾಗಾಗಿ ಐವತ್ತೈದನೆಯ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಹೋಟೆಲಿನ ಮೆಟ್ಟಿಲು ಹತ್ತಿದೆ. ನರಿಕೊಂಬಿನ ನಮ್ಮ ಮನೆಯ ಹೆಂಗಸರು ಯಾರೂ ಹತ್ತಿದವರಲ್ಲ. ನನ್ನ ತಾಯಿ ಕೋರ್ಟಿನ ಕೆಲಸಕ್ಕೆ ಮಂಗಳೂರಿಗೆ ಹೋಗುವಾಗಲೂ ಅವಲಕ್ಕಿ ಕಟ್ಟಿಕೊಂಡೇ ಹೋಗುತ್ತಿದ್ದರು.

ಭಟ್ಟರ ಹೋಟೆಲು. ಚೊಕ್ಕಟವಾಗಿದೆ, ಅದನ್ನು ಒಪ್ಪಬೇಕು. ಹೆಂಗಸರಿಗೆಂದು ಒಂದು ಮೂಲೆಗೆ ಹಲಗೆ ಅಡ್ಡಕಟ್ಟಿ ಪರದೆ ಇಳಿಬಿಟ್ಟಿದ್ದಾರೆ. ಮೇಲೆ 'ಫ್ಯಾಮಿಲಿ ರೂಮ್' ಎಂದು ಬೋರ್ಡು. ಒಳಗೆ ನಾನು, ಅಳಿಯ ಲೋಕನಾಥ, ಮೊಮ್ಮಗಳು ಸ್ವರ್ಣಲತಾ ಕುಳಿತೆವು. ಸ್ವರ್ಣನಿಗೆ ಆರು ವರ್ಷ. ಹುಟ್ಟಿದ್ದು ನರಿಕೊಂಬಿನಲ್ಲಿ, ಬೆಳೆದದ್ದು ಬೊಂಬಾಯಿಯಲ್ಲಿ, ಲೋಕನಾಥ ಮ್ಯಾನೇಜರನಾಗಿರುವ ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ಅದು ಅವಳ ಬಾಯಿಯಿಂದಲೇ ತಿಳಿಯುತ್ತದೆ. ಕುಳಿತ ಕೂಡಲೇ ಮೇಜು ಬಡಿದು ಕೂಗಿದಳು: "ಒಂದು ಮಸಾಲೆ ಕಡಕ್! ಎರಡು ಬನ್ಸ್! ಮೂರು ಕಾಫೀ, ಒಂದರಲ್ಲಿ ಸಕ್ಕರೆ ಕಮ್ಮೀ!"

ಪರದೆಯ ಆಚೆ ಗಂಡಸರೆಲ್ಲ ಗೊಳ್ಳೆಂದರು. ಲೋಕನಾಥನೂ ನಕ್ಕ.

"ಯಾವ ಮನೆಯ ಮಗು ಮಾರಾಯ್ರೆ ಇದು?" ಎಂದು ಆಚೆಯಿಂದ ಒಬ್ಬರು ಕೇಳಿದರು.

ಲೋಕನಾಥ ಬಾಯಿ ತೆರೆಯುವ ಮೊದಲೇ, ಬಾಗಿಲಲ್ಲೇ ನಮ್ಮ ಪರಿಚಯ ಕೇಳಿಕೊಂಡಿದ್ದ ಭಟ್ಟರು ಹೇಳಿಬಿಟ್ಟರು: "ನರಿಕೊಂಬು ಮುಂಡಪ್ಪ ಶೆಟ್ರ ಮನೆಯದ್ದು. ಕಾಂತಿ ಶೆಡ್ತಿಯವರ ಪುಳ್ಳಿ."

ಮೊಮ್ಮಗಳನ್ನು ಭಟ್ಟರು ನನ್ನ ಹೆಸರಿನಿಂದ ಗುರುತಿಸಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಅಳಿಯಸಂತಾನ, ಮಗು ತಾಯಿಯ ಮನೆಯದು. ಹೆಸರು ಕೇಳಿದರೆ ಆ ಮನೆಯ ಹೆಸರನ್ನೇ ಹೇಳಬೇಕು. ಆದರೆ ನನ್ನ ಸೋದರಮಾವ ಮುಂಡಪ್ಪ ಶೆಟ್ಟರು ಪಂಚಾಯತಿಗೆ ಕುಳಿತರೆ ಊರು ಉಸಿರು ಹಿಡಿಯುತ್ತಿತ್ತು. ಅವರ ಹೆಸರು ಈ ದಿನ ಹೋಟೆಲಿನ ನಗೆಯಲ್ಲಿ ಬಿತ್ತು.

೧೫-೧-೧೯೬೧, ಭಾನುವಾರ

ಇಂದು ಇನ್ನೂ ಕೆಟ್ಟದ್ದಾಯಿತು. ತಿಂಡಿ ಬರುವುದು ತಡವಾದಾಗ ಸ್ವರ್ಣ ಪರದೆಯ ಕೆಳಗಿನಿಂದ ನುಸುಳಿ, ಮೇಜುಗಳ ಅಡಿಯಲ್ಲಿ ತೆವಳಿಕೊಂಡು ಹೋಗಿ, ಯಾರೋ ಮೇಷ್ಟ್ರ ಮುಂದೆ ಎದ್ದು ಅವರ ತಟ್ಟೆಯಿಂದ ವಡೆ ಮುರಿದು ಬಾಯಿಗೆ ಹಾಕಿಕೊಂಡಳಂತೆ. ಮೇಷ್ಟ್ರು ಬೈಯಲಿಲ್ಲ. ತಟ್ಟೆಯನ್ನು ಮಾತ್ರ ದೂರ ಸರಿಸಿದರು. ಲೋಕನಾಥ ಹೋಗಿ ಕೈಮುಗಿದು, ಅವರಿಗೆ ಬೇರೆ ತಟ್ಟೆ ತರಿಸಿ, ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಕೂರಿಸಿಕೊಂಡು! ಜಾತ್ರೆಯಿಂದ ಬಂದವರ ಹಾಗೆ. ಹಿಂದಿನಿಂದ "ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡಬೇಕು ಶೆಟ್ರೆ" ಎಂದು ಯಾರೋ ಹೇಳಿದ್ದು ನನಗೆ ಕೇಳಿತು.

"ಅವರ ಮಾತು ನೀವು ಕೇಳಬೇಕಾಗಿಲ್ಲ," ಎಂದೆ. "ನೀವು ನಮ್ಮ ಮನೆಗೆ ನೆಂಟರು. ಮಗು ನಮ್ಮದು. ತಿದ್ದಲಿಕ್ಕೆ ಅವಳ ಸೋದರಮಾವ ಭೋಜ ಇದ್ದಾನೆ, ನಾನಿದ್ದೇನೆ."

"ಅತ್ತೆ, ವಡೆ ತಿಂದದ್ದು ಅಪ್ಪನ ಕಣ್ಣೆದುರು. ಅಪ್ಪನನ್ನೇ ಕೇಳ್ತಾರೆ. ಬೊಂಬಾಯಿಯಲ್ಲಿ ಗಿರಾಕಿಗಳು 'ಇದರ ಸೋದರಮಾವ ಎಲ್ಲಿ, ಕರಿ' ಅಂತ ಹೇಳುವುದಿಲ್ಲ."

"ಬೊಂಬಾಯಿಯವರಿಗೆ ಕುಟುಂಬ ಇಲ್ಲ. ಹೋಟೆಲು ಉಂಟು."

ಸ್ವರ್ಣ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನಿಗೆ ನಗು ತಡೆಯಲಾಗಲಿಲ್ಲ. ನನ್ನ ಬಗ್ಗೆಯೇ ಇರಬೇಕು.

೧೭-೧-೧೯೬೧, ಮಂಗಳವಾರ

ಹೋಟೆಲಿನ ಧಣಿಯ ತಂತಿ ಬಂದು ಲೋಕನಾಥ ನಿನ್ನೆ ಬೊಂಬಾಯಿಗೆ ಹೊರಟ. ಪ್ರೇಮ ಗುಣವಾಗುವವರೆಗೆ ಸ್ವರ್ಣ ನನ್ನ ಕೈಯಲ್ಲಿ. ಒಳ್ಳೆಯದೇ ಆಯಿತು. ಪ್ರೇಮನ ನಂತರ ನಮ್ಮ ಮನೆಗೆ ಇರುವ ಹೆಣ್ಣು ಅವಳೊಬ್ಬಳೇ. ನಾಳೆ ಚಾವಡಿಯಲ್ಲಿ ಕುಳಿತು ನಾಲ್ಕು ಜನಕ್ಕೆ ಹೇಳಬೇಕಾದವಳು ಇಂದು ಮೇಜಿನ ಅಡಿಯಲ್ಲಿ ತೆವಳುವುದೆಂದರೇನು?

ಪ್ರೇಮನೂ ಸಲಿಗೆ ಕೊಡುತ್ತಾಳೆ. ಬೆಳಿಗ್ಗೆ ನಾವು ತಿಂಡಿ ತಿಂದು ಬರುವ ಹೊತ್ತಿಗೆ ಆಸ್ಪತ್ರೆಯವರು ಅವಳಿಗೆ ಉಪ್ಪಿಲ್ಲದ ಗಂಜಿ ಕೊಟ್ಟಿರುತ್ತಾರೆ. ಬಟ್ಟಲು ಹಾಗೆಯೇ ಇರುತ್ತದೆ. "ಬಾ ಮಗಾ, ಇವತ್ತು ಹೋಟೆಲಿನಲ್ಲಿ ಎಂತ ಆಯಿತು?" ಎಂದು ಇವಳನ್ನು ಹತ್ತಿರ ಕರೆಯುತ್ತಾಳೆ. ಆಮೇಲೆ ಸುರು. ಸ್ವರ್ಣ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮಂಚದ ಸುತ್ತ ಓಡುತ್ತಾಳೆ, ಆರ್ಡರು ಕೂಗುತ್ತಾಳೆ, ಭಟ್ಟರ ಹಾಗೆ ಮೂಗಿನಲ್ಲಿ ಮಾತಾಡುತ್ತಾಳೆ, ಗೋಳಿಬಜೆ ಬಿಸಿ ಎಂದು ಕೈ ಊದಿಕೊಳ್ಳುತ್ತಾಳೆ. ಒಂದೊಂದು ತಿಂಡಿಗೆ ಪ್ರೇಮ ಒಂದೊಂದು ಚಮಚ ಗಂಜಿ ಬಾಯಿಗಿಡುತ್ತಾಳೆ. ಬಟ್ಟಲು ಖಾಲಿಯಾಗುತ್ತದೆ.

ಪಕ್ಕದ ಮಂಚದಲ್ಲಿ ಸೌದಾ ಎಂಬ ಬ್ಯಾರಿ ಹುಡುಗಿ, ಬಾಣಂತಿ ಜ್ವರ. ಅವಳ ತಾಯಿ ಸಫಿಯಮ್ಮನಿಗೆ ಈ ಆಟ ಸಾಲದು. "ಓ ಹೋಟೆಲಿನವಳೇ, ನನ್ನ ಚಾ ಎಲ್ಲಿ? ಹೇಳಿ ಎಷ್ಟೊತ್ತಾಯಿತು! ನಾನು ಆಚೆ ಹೋಟೆಲಿಗೆ ಹೋಗ್ತೇನೆ ನೋಡು!" ಎಂದು ಇನ್ನಷ್ಟು ಏರಿಸುತ್ತಾಳೆ.

"ಇದು ಆಸ್ಪತ್ರೆ, ಬಯಲಾಟದ ರಂಗಸ್ಥಳ ಅಲ್ಲ," ಎಂದೆ.

"ಇರಲಿ ಅಮ್ಮಾ," ಎಂದಳು ಪ್ರೇಮ. "ಈ ಗಂಜಿ ಗಂಟಲಲ್ಲಿ ಇಳಿಯುವುದಿಲ್ಲ. ಅವಳು ಹೇಳುವಾಗ ಬಾಯಿಗೆ ರುಚಿ ಬರ್ತದೆ."

ರೋಗಿಯ ಮಾತಿಗೆ ಎದುರಾಡಬಾರದೆಂದು ಬಿಟ್ಟೆ.

೧೯-೧-೧೯೬೧, ಗುರುವಾರ

ಇಂದಿನದನ್ನು ಬರೆಯಲಿಕ್ಕೂ ನಾಚಿಕೆಯಾಗುತ್ತದೆ.

ಸ್ವರ್ಣ ಮತ್ತೆ ಪರದೆಯ ಕೆಳಗಿನಿಂದ ಆಚೆ ಓಡಿದಳು. ಹಿಡಿದು ತರಲು ಲೋಕನಾಥನಿಲ್ಲ. ಆಚೆ ತುಂಬ ಗಂಡಸರು, ಸಂತೆಯ ದಿನ ಬೇರೆ. ನಾನು ಪರದೆಯನ್ನು ಹಿಡಿದು ನಿಂತೆ. "ಸ್ವರ್ಣಾ" ಎಂದು ಮೆಲ್ಲಗೆ ಕರೆದೆ. ಗಟ್ಟಿಯಾಗಿ ಕರೆಯಲಾರೆ, ಆಚೆ ಕಾಲಿಡಲಾರೆ. ಅವಳು ಒಂದು ಬೆಂಚಿನ ಮೇಲೆ ನಿಂತು ಬೊಂಬಾಯಿ ಹೋಟೆಲಿನ ತಿಂಡಿಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಅವರು ಶಭಾಶ್ ಎನ್ನುತ್ತಿದ್ದರು. ಯಾರೋ ಬಾಯಿಗೆ ಜಿಲೇಬಿ ಇಟ್ಟರು. ನಮ್ಮ ಮನೆಯ ಮಗು ಹತ್ತು ಜನರ ಕೈಯಿಂದ ಕೋಳಿಯ ಹಾಗೆ ಹೆಕ್ಕಿ ತಿಂದಿತು. ನಾನು ಪರದೆಯ ಈಚೆ ನಿಂತು ಅದನ್ನೆಲ್ಲ ಕೇಳಿದೆ.

ಕೋಣೆಗೆ ಬಂದ ಮೇಲೆ ಅವಳನ್ನು ಎದುರಿಗೆ ನಿಲ್ಲಿಸಿ ಹೇಳಿದೆ. ಹೊಡೆಯಲಿಲ್ಲ; ಹೊಡೆಯುವುದು ಕೈಲಾಗದವರ ಕೆಲಸ. ಒಳಗೆ ಹೋದ ಮೇಲೆ ಕೈ ಮಡಿಲಲ್ಲಿ ಇರಬೇಕು. ಇಂಥದ್ದು ಬೇಕೆಂದು ಕೇಳಬಾರದು, ಬಂದದ್ದನ್ನು ತಿನ್ನಬೇಕು. ತಿನ್ನುವಾಗ ಮಾತಿಲ್ಲ. ದೊಡ್ಡವರು ಏಳುವ ಮೊದಲು ಏಳುವ ಹಾಗಿಲ್ಲ. ಕೂಗುವುದಂತೂ ಎಲ್ಲಿಯೂ ಇಲ್ಲ, ಹೋಟೆಲಿನಲ್ಲೂ ಇಲ್ಲ, ಆಸ್ಪತ್ರೆಯಲ್ಲೂ ಇಲ್ಲ. ತಪ್ಪಿದರೆ ಅವಳ ಮುಂದೆ ಬರಿಯ ಎಲೆ. ನಾನು ಉಂಡು ಏಳುವವರೆಗೆ ಅದನ್ನು ನೋಡಿಕೊಂಡು ಕುಳಿತಿರಬೇಕು.

"ಬರಿಯ ಎಲೆ ಎಷ್ಟು ಪ್ಲೇಟು ಅಜ್ಜಿ?" ಎಂದು ಕೇಳಿದಳು. ತಮಾಷೆ ಎಂದುಕೊಂಡಿದ್ದಾಳೆ.

೨೦-೧-೧೯೬೧, ಶುಕ್ರವಾರ

ಬರಿಯ ಎಲೆ. ಅತ್ತಳು. ನಾನು ಉಂಡೆ.

೨೩-೧-೧೯೬೧, ಸೋಮವಾರ

ಮೊದಲ ದಿನ ಅತ್ತಳು, ಎರಡನೆಯ ದಿನ ಎಲೆಯನ್ನು ಹರಿದು ಬಿಸಾಡಿದಳು. ಇಂದು ಸುಮ್ಮನೆ ಕುಳಿತಳು. ಭಟ್ಟರು ಪರದೆಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡರು.

"ಅಮ್ಮಾ, ಬೇಸರ ಮಾಡಬಾರದು. ಮಗುವಿಗೆ ಒಂದು ಬನ್ಸ್ ಆದರೂ ಕೊಡುವನಾ? ನಾನು ಹೋಟೆಲು ಇಟ್ಟ ಮೇಲೆ ಹಸಿದ ಮಗುವಿನ ಮುಂದೆ ಬರಿಯ ಎಲೆ ಹೀಗೆ ಹಾಕಿದ್ದಿಲ್ಲ."

"ಅವಳು ಅಂದು ಬೆಂಚಿನ ಮೇಲೆ ಕುಣಿಯುವಾಗ ನೀವೇ ನಕ್ಕಿರಿ."

"ನಗು ಬಂತು, ನಕ್ಕೆ. ಮಕ್ಕಳಲ್ವಾ?"

"ನಗುವವರು ನಕ್ಕು ಹೋಗ್ತಾರೆ ಭಟ್ಟರೆ. ಹೆಸರು ನಮ್ಮ ಮನೆಯದು ಉಳಿಯುವುದು. ನೀವು ಹೋಟೆಲು ನೋಡಿಕೊಳ್ಳಿ."

ಅವರು ಹೋದರು. ಕೋಣೆಗೆ ಬಂದ ಮೇಲೆ ಅವಳಿಗೆ ಅವಲಕ್ಕಿ ಬೆಲ್ಲ ಕೊಟ್ಟೆ. ನಾನು ರಾಕ್ಷಸಿಯಲ್ಲ.

೨೮-೧-೧೯೬೧, ಶನಿವಾರ

ಒಂದು ಒಳ್ಳೆಯ ದಿನ. ಫ್ಯಾಮಿಲಿ ರೂಮಿಗೆ ಜೈನರ ಮನೆಯೊಂದರ ಹೆಂಗಸು ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಒಬ್ಬ ಚಟ್ನಿಯಲ್ಲಿ ಕೈ ಅದ್ದಿ ಹಲಗೆಗೆ ಬಳಿಯುತ್ತಿದ್ದ, ಇನ್ನೊಬ್ಬಳು ಕಿರುಚುತ್ತಿದ್ದಳು. ಆ ತಾಯಿ ಸ್ವರ್ಣನನ್ನು ತೋರಿಸಿ, "ನೋಡಿ, ಆ ಮಗುವನ್ನು ನೋಡಿ ಕಲಿಯಿರಿ. ದೇವರ ಮುಂದೆ ದೀಪ ಇಟ್ಟ ಹಾಗೆ ಕೂತಿದೆ" ಎಂದರು. ಯಾವ ಮನೆಯವರು ಎಂದು ನನ್ನನ್ನು ಕೇಳಿದರು. ಹೇಳಿದೆ. ಈ ಊರಿಗೆ ಬಂದ ಮೇಲೆ ಮನೆಯ ಹೆಸರನ್ನು ಬಾಯಿತುಂಬ ಹೇಳಿದ್ದು ಇಂದೇ.

ಮಧ್ಯಾಹ್ನ ವೇಣೂರು ಮಾರ್ಗದ ಬಸ್ಸಿನಲ್ಲಿ ಭೋಜ ಬಂದ. ಬೆಳ್ತಂಗಡಿಯ ಆಫೀಸಿನಲ್ಲಿ ಗುಮಾಸ್ತ, ಲಾಯಿಲದಲ್ಲಿ ವಾಸ; ನನ್ನ ಮಗನಾದರೂ ತಿಂಗಳಿಗೊಮ್ಮೆ ಮುಖ ಕಂಡರೆ ಹೆಚ್ಚು. ತಂಗಿಯ ಹೆಸರಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ಪ್ರಸಾದ ತಂದಿದ್ದ. ಸ್ವರ್ಣನಿಗೆ ಮಿಠಾಯಿ. ಅವಳು ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದ ಮೇಲೆ ತೆಗೆದುಕೊಂಡಳು. ಭೋಜ ಅದನ್ನು ಗಮನಿಸಿದ.

"ಎಂತ ಇವಳು, ಕೋರ್ಟಿನ ಸಾಕ್ಷಿಯ ಹಾಗೆ ನಿಲ್ತಾಳೆ?"

"ನೀನು ಮಾವ. ಇದೆಲ್ಲ ನೀನು ಕಲಿಸಬೇಕಾದದ್ದು. ನಾನು ಕಲಿಸುತ್ತಿದ್ದೇನೆ."

"ನನ್ನಿಂದ ಆಗ್ಲಿಕ್ಕಿಲ್ಲ ಅಮ್ಮಾ. ಮುಂಡಪ್ಪ ಅಜ್ಜ ನನಗೆ ಕಲಿಸಿದ್ದು ಇವತ್ತಿಗೂ ಬೆನ್ನಿನಲ್ಲಿ ಉಂಟು."

ಅದರಿಂದಲೇ ಅವನು ಮನುಷ್ಯನಾದದ್ದು. ಅದನ್ನು ಹೇಳಿದರೆ ನಗುತ್ತಾನೆ.

೪-೨-೧೯೬೧, ಶನಿವಾರ

ಪ್ರೇಮನ ಬಟ್ಟಲಿನಲ್ಲಿ ಇಂದೂ ಅರ್ಧ ಗಂಜಿ ಉಳಿಯಿತು. ಇಲ್ಲಿಯ ಅಡುಗೆಯವನು ಅನ್ನ ಬೇಯಿಸುವುದಿಲ್ಲ, ಹೆದರಿಸುತ್ತಾನೆ ಅಷ್ಟೆ. ಹೋಗಿ ಹೇಳಿ ಬಂದೆ.

"ಬಾ ಮಗಾ," ಎಂದು ಪ್ರೇಮ ಎಂದಿನಂತೆ ಕರೆದಳು. "ಇವತ್ತು ಎಂತ?"

"ದೋಸೆ," ಎಂದಳು ಸ್ವರ್ಣ.

"ಮತ್ತೆ?"

"ಅಷ್ಟೆ."

"ಭಟ್ರು ಎಂತ ಹೇಳಿದರು?"

"ಏನೂ ಇಲ್ಲ."

ಕೈ ಕಟ್ಟಿ ನಿಂತು, ಕೇಳಿದ್ದಕ್ಕೆ ಮಾತ್ರ ಉತ್ತರ. ಮೂರು ವಾರದ ಹಿಂದೆ ಯಾರು ನಂಬುತ್ತಿದ್ದರು? ಸಫಿಯಮ್ಮ ತನ್ನ ಪುಳ್ಳಿಗಳನ್ನು ಮೈತುಂಬ ಹತ್ತಿಸಿಕೊಂಡು ಪತ್ತಿರ್ ತಿನ್ನಿಸುತ್ತಿದ್ದಳು. ಒಂದು ಹೆಗಲ ಮೇಲೆ, ಒಂದು ತೊಡೆಯ ಮೇಲೆ, ನೆಲವೆಲ್ಲ ಅಕ್ಕಿರೊಟ್ಟಿಯ ಚೂರು. "ಓ ಹೋಟೆಲಿನವಳೇ, ಅಂಗಡಿ ಮುಚ್ಚಿತಾ?" ಎಂದು ಕೇಳಿದಳು. ಸ್ವರ್ಣ ನನ್ನನ್ನು ನೋಡಿದಳು.

ಪ್ರೇಮ ಚಮಚವನ್ನು ಬಟ್ಟಲಿನಲ್ಲಿಟ್ಟಳು.

೮-೨-೧೯೬೧, ಬುಧವಾರ

ಡಾಕ್ಟರು ನನ್ನನ್ನು ಹೊರಗೆ ಕರೆದರು. ಬಾವು ಇಳಿಯುತ್ತಿಲ್ಲ. ಮದ್ದಿಗಿಂತಲೂ ಈಗ ಹೊಟ್ಟೆಗೆ ಹೋಗುವುದು ಮುಖ್ಯ, ಗಂಜಿ ಇಳಿಯದಿದ್ದರೆ ತ್ರಾಣ ಎಲ್ಲಿಂದ ಬರಬೇಕು ಎಂದರು. "ಮೊದಮೊದಲು ಚೆನ್ನಾಗಿ ತಿನ್ನುತ್ತಿದ್ದರಲ್ಲ, ಈಗೇನಾಯಿತು?" ನನಗೇನು ಗೊತ್ತು?

ಪ್ರೇಮನನ್ನು ಗದರಿಸಿದೆ. ಅವಳು ಗೋಡೆ ನೋಡುತ್ತಾ ಕೇಳಿದಳು: "ಅಮ್ಮಾ, ಅವಳ ಬಾಯಿ ಎಲ್ಲಿ ಹೋಯಿತು?"

"ಬಾಯಿ ಇರಬೇಕಾದಲ್ಲೇ ಉಂಟು. ಮುಚ್ಚಿದೆ. ಒಳ್ಳೆಯ ಮಕ್ಕಳದ್ದು ಹಾಗೆಯೇ ಇರ್ತದೆ."

"ನನ್ನದೂ ಹಾಗೇ ಇತ್ತು," ಎಂದಳು.

ಇತ್ತು. ಅದಕ್ಕೇ ಮೂರೂರಿನಲ್ಲಿ ಅವಳನ್ನು ಹೊಗಳದವರಿರಲಿಲ್ಲ.

೧೧-೨-೧೯೬೧, ಶನಿವಾರ

ಸ್ವರ್ಣ ಹೋಟೆಲಿನಲ್ಲಿ ಚಟ್ನಿ ಮುಟ್ಟುವುದಿಲ್ಲ, ಸಾಂಬಾರು ಮುಟ್ಟುವುದಿಲ್ಲ. ಊಟಕ್ಕೆ ಕುಳಿತರೆ ಎಲೆಯ ತುದಿಯ ಉಪ್ಪನ್ನು ಬೆರಳಿನಿಂದ ಆಚೆ ತಳ್ಳಿ, ಬರಿಯ ಅನ್ನವನ್ನು ನುಂಗುತ್ತಾಳೆ. ರುಚಿಗೆ ಹಠ ಮಾಡುವುದಿಲ್ಲ, ಇದು ನಾನು ಹೇಳಿಕೊಡದೆ ಬಂದ ಗುಣ ಎಂದು ಸಫಿಯಮ್ಮನಿಗೆ ಹೇಳಿದೆ.

ಸಫಿಯಮ್ಮ ಸೌದಾಳ ಕೂದಲು ಬಾಚುತ್ತಿದ್ದವಳು ಕೈ ನಿಲ್ಲಿಸಿದಳು. "ಗುಣ ಅಲ್ಲ ಶೆಡ್ತಿಯವರೆ. ನಾನು ಕೇಳಿದೆ ಅವಳನ್ನು. 'ಅಮ್ಮನಿಗೆ ಉಪ್ಪಿಲ್ಲ' ಅಂತ ಹೇಳಿತು ಮಗು."

ನನ್ನ ಹತ್ತಿರ ಹೇಳಬಹುದಿತ್ತು. ಈ ಹೆಂಗಸಿನ ಹತ್ತಿರ ಯಾಕೆ ಹೇಳಿದಳು?

ಇವತ್ತು ಪ್ರೇಮ ಎರಡು ಚಮಚ.

೧೪-೨-೧೯೬೧, ಮಂಗಳವಾರ

ಬೆಳಿಗ್ಗೆ ಹೋಟೆಲಿನಿಂದ ಬರುವಾಗ ದಾರಿಯಲ್ಲಿ ನಿಂತು ಸ್ವರ್ಣನಿಗೆ ಹೇಳಿದೆ: "ಇವತ್ತು ನಿನ್ನ ಅಮ್ಮನ ಮುಂದೆ ಮೊದಲಿನ ಹಾಗೆ ಹೋಟೆಲಿನದ್ದು ಹೇಳು. ಕೂಗಿ ಹೇಳು."

"ಕೂಗಬಾರದು ಅಜ್ಜಿ."

"ನಾನು ಹೇಳ್ತೇನಲ್ಲ. ಈಗ ಕೂಗಬಹುದು."

ತುಂಬ ಹೊತ್ತು ನನ್ನ ಮುಖವನ್ನೇ ನೋಡಿದಳು. ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಆಸ್ಪತ್ರೆಯಲ್ಲಿ ಟವೆಲನ್ನು ನಾನೇ ಅವಳ ಹೆಗಲಿಗೆ ಹಾಕಿದೆ. ಅವಳು ಮಂಚದ ಹತ್ತಿರ ನೆಟ್ಟಗೆ ನಿಂತು, ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು: "ಒಂದು ಮಸಾಲೆ. ಎರಡು ಬನ್ಸ್. ಮೂರು ಕಾಫಿ." ಮುಗಿದ ಮೇಲೆ ಟವೆಲನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಮಂಚದ ತುದಿಯಲ್ಲಿಟ್ಟಳು.

ಪ್ರೇಮ ನಕ್ಕಳು. ಮಗಳಿಗೆ ಬೇಸರವಾಗಬಾರದೆಂದು ನಕ್ಕದ್ದು. ಒಂದು ಚಮಚ ಗಂಜಿ ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅದೂ ಹೊರಗೆ ಬಂತು.

ಸಫಿಯಮ್ಮ ಇಂದು ಏನೂ ಹೇಳಲಿಲ್ಲ. ಹೇಳಿದ್ದರೆ ಆಗುತ್ತಿತ್ತು.

೧೫-೨-೧೯೬೧, ಬುಧವಾರ

ಲೋಕನಾಥನಿಗೆ ತಂತಿ ಕೊಡಿಸಿದೆ.

ಭಟ್ಟರ ಹತ್ತಿರ ಜಿಲೇಬಿ ಉಂಟಾ ಎಂದು ಕೇಳಿದೆ. ಸಂತೆಯ ದಿನ ಮಾತ್ರ ಮಾಡುವುದಂತೆ. ನಾಳೆ ಸಂತೆ.

೧೬-೨-೧೯೬೧, ಗುರುವಾರ

ಜಿಲೇಬಿ ತರಿಸಿ ಸ್ವರ್ಣನ ಮುಂದಿಟ್ಟೆ. ತಿಂದಳು. ಚೆನ್ನಾಗಿತ್ತಾ ಎಂದು ಕೇಳಿದೆ. "ಹೂಂ ಅಜ್ಜಿ" ಎಂದಳು. ಇನ್ನೊಂದು ಬೇಕಾ ಎಂದೆ. "ನೀವು ಹೇಳಿದರೆ" ಎಂದಳು.

ಪರದೆಯ ಆಚೆ ಗಲಾಟೆಯೋ ಗಲಾಟೆ, ಸಂತೆಯವರು. ನಾನು ಪರದೆಯನ್ನು ಸ್ವಲ್ಪ ಸರಿಸಿ ಇಟ್ಟೆ. ಸೆಕೆಗೆ. ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

೧೯-೨-೧೯೬೧, ಭಾನುವಾರ

ಪ್ರೇಮನಿಗೆ ಈಗ ಕಣ್ಣು ತೆರೆಯುವುದೇ ಕಷ್ಟ. ಗಂಜಿಯ ಬಟ್ಟಲನ್ನು ನಾನೇ ಹಿಡಿದು ಕುಳಿತೆ. ಬಾಯಿ ತೆರೆಯಲಿಲ್ಲ. ಸ್ವರ್ಣ ಕಿಟಕಿಯ ಹತ್ತಿರ ಕೈ ಕಟ್ಟಿ ನಿಂತಿದ್ದಳು.

ನಾನು ಹೇಳಿದೆ: "ಒಂದು ಮಸಾಲೆ ಕಡಕ್." ಮತ್ತೆ ಹೇಳಿದೆ, ಗಟ್ಟಿಯಾಗಿ. "ಒಂದು ಮಸಾಲೆ ಕಡಕ್! ಎರಡು ಬನ್ಸ್!" ವಾರ್ಡಿನವರೆಲ್ಲ ತಿರುಗಿ ನೋಡಿದರು. ಬಾಗಿಲಲ್ಲಿ ನರ್ಸು ನಿಂತಳು. ಸಫಿಯಮ್ಮ ಸೆರಗನ್ನು ಬಾಯಿಗೆ ಹಿಡಿದಳು. ಮೂರನೆಯದು ಏನೆಂದು ನನಗೆ ನೆನಪಾಗಲಿಲ್ಲ.

ಪ್ರೇಮ ಕಣ್ಣು ತೆರೆದು ನನ್ನನ್ನು ನೋಡಿದಳು. "ಬೇಡ ಅಮ್ಮಾ," ಎಂದಳು. "ನಿಮಗೆ ಒಪ್ಪುವುದಿಲ್ಲ."

೨೧-೨-೧೯೬೧, ಮಂಗಳವಾರ

ಬೆಳಗಿನ ಹೊತ್ತು ಪ್ರೇಮ ತೀರಿಕೊಂಡಳು. ಲೋಕನಾಥ ಇನ್ನೂ ದಾರಿಯಲ್ಲಿದ್ದಾನೆ.

ಸಫಿಯಮ್ಮ ಸ್ವರ್ಣನನ್ನು ಎತ್ತಿಕೊಂಡು ಹೊರಗೆ ಹೋದಳು. ನಾನು ತಡೆಯಲಿಲ್ಲ.

೯-೩-೧೯೬೧, ಗುರುವಾರ
ನರಿಕೊಂಬು

ಪ್ರೇಮನ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಮೂರು ದಿನವಾಯಿತು. ನೆಂಟರು ಹೊರಟಿದ್ದಾರೆ. ಇಂದು ಚಾವಡಿಯಲ್ಲಿ ಆ ಮಾತು ಬಂತು. ಬರುತ್ತದೆಂದು ನನಗೆ ಗೊತ್ತಿತ್ತು.

"ಅತ್ತೆ, ಸ್ವರ್ಣನನ್ನು ನಾನು ಕರೆದುಕೊಂಡು ಹೋಗ್ತೇನೆ," ಎಂದ ಲೋಕನಾಥ. ಹದಿನೈದು ದಿನದಲ್ಲಿ ಅವನ ಗಲ್ಲ ಒಳಗೆ ಹೋಗಿದೆ. "ನನ್ನ ಅಕ್ಕ ಬೊಂಬಾಯಿಗೆ ಬಂದು ಇರ್ತೇನೆ ಅಂತ ಹೇಳಿದ್ದಾಳೆ."

"ನಿಮ್ಮ ಅಕ್ಕನ ಮನೆ ಬೇರೆ, ನಮ್ಮ ಮನೆ ಬೇರೆ. ಈ ಮನೆಗೆ ಇರುವ ಹೆಣ್ಣು ಅವಳೊಬ್ಬಳು. ನೀವು ಯಾವಾಗ ಬೇಕಾದರೂ ಬಂದು ನೋಡಿ. ಅಳಿಯನ ಮರ್ಯಾದೆಗೆ ಇಲ್ಲಿ ಕುಂದಿಲ್ಲ."

"ಮರ್ಯಾದೆ ಯಾರಿಗೆ ಬೇಕು ಅತ್ತೆ? ಮಗು ಬೇಕು."

ಹಿರಿಯರು ಇಬ್ಬರಿದ್ದರು, ವೀಳ್ಯ ಜಗಿಯುತ್ತಿದ್ದರು. ಭೋಜ ಎದ್ದು ನಿಂತ. ಮನೆಯ ಗಂಡಸು ಅವನೇ, ಮಾವನೂ ಅವನೇ, ಅವನ ಮಾತಿಗೆ ತೂಕವುಂಟು. "ಅಮ್ಮಾ, ಕಳಿಸುವ," ಎಂದ. "ಅಪ್ಪನ ಹತ್ತಿರ ಇದ್ದರೆ ಅವಳು ಮೊದಲಿನ ಹಾಗೆ ಆದಾಳು."

"ಮೊದಲಿನ ಹಾಗೆ ಎಂದರೆ? ಮೇಜಿನ ಅಡಿಯಲ್ಲಿ ತೆವಳಲಿಕ್ಕಾ?"

"ಹೌದು. ತೆವಳಲಿ."

ಒಬ್ಬ ಹಿರಿಯರು, "ಮಗುವನ್ನೇ ಕೇಳುವ. ಅದಕ್ಕಿಂತ ದೊಡ್ಡ ಪಂಚಾಯತಿ ಎಂತ ಉಂಟು?" ಎಂದರು. ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ. ಆರು ವರ್ಷದ ಮಗು ಅಪ್ಪನನ್ನು ಬಿಟ್ಟು ಇನ್ನಾರನ್ನು ಹೇಳೀತು?

ಸ್ವರ್ಣ ಬಂದು ನಿಂತಳು. ಲೋಕನಾಥ ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. "ಮಗಾ, ಬೊಂಬಾಯಿಗೆ ಹೋಗುವನಾ? ಗಲ್ಲಾಪೆಟ್ಟಿಗೆಯ ಹತ್ತಿರ ನಿನ್ನ ಸ್ಟೂಲು ಹಾಗೇ ಉಂಟು, ಯಾರನ್ನೂ ಕೂರಲಿಕ್ಕೆ ಬಿಡಲಿಲ್ಲ. ಎಲ್ಲರೂ ಕೇಳ್ತಾರೆ, ಸಣ್ಣ ಶೇಠ್ ಎಲ್ಲಿ ಅಂತ. ಹೇಳು, ನಿನಗೆ ಎಲ್ಲಿ ಇರಬೇಕು?"

ಅವಳು ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ತಲೆಯಾಡಿಸಲೂ ಇಲ್ಲ, ಕಣ್ಣಿನಲ್ಲಿ ಸನ್ನೆ ಮಾಡಲೂ ಇಲ್ಲ, ದೈವಸಾಕ್ಷಿಯಾಗಿ ಹೇಳುತ್ತೇನೆ.

"ಅಜ್ಜಿ ಹೇಳಿದ ಹಾಗೆ," ಎಂದಳು.

"ಅಜ್ಜಿ ಹೇಳುವುದಲ್ಲ ಮಗಾ. ನಿನಗೆ ಎಂತ ಬೇಕು?"

"ನನಗೆ ಎಂತದೂ ಬೇಡ."

ಹಿರಿಯರು, "ಎಷ್ಟು ತಿಳುವಳಿಕೆ ನೋಡಿ" ಎಂದರು. ಲೋಕನಾಥ ಎದ್ದು ನನ್ನ ಕಡೆ ತಿರುಗಿ ಕೇಳಿದ: "ಅತ್ತೆ, ನಾನು ಬಿಟ್ಟುಹೋದ ಮಗು ಎಲ್ಲಿ ಉಂಟು?"

ಮಗು ಎದುರಿಗೇ ನಿಂತಿತ್ತು. ಅವನು ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಹೊರಟ. ಭೋಜ ಅವನ ಜೊತೆ ಹೊಳೆ ದಾಟುವ ದೋಣಿಯವರೆಗೆ ಹೋದವನು ತಿರುಗಿ ಬರಲಿಲ್ಲ, ಆ ಕಡೆಯಿಂದಲೇ ಬೆಳ್ತಂಗಡಿಯ ಬಸ್ಸು ಹತ್ತಿದನಂತೆ.

ಮಗು ಮನೆಗೆ ಉಳಿಯಿತು.

೨೩-೩-೧೯೬೧, ಗುರುವಾರ

ಸ್ವರ್ಣ ಒಳ್ಳೆಯದಾಗಿದ್ದಾಳೆ. ಬೆಳಿಗ್ಗೆ ತಾನೇ ಏಳುತ್ತಾಳೆ. ತಟ್ಟೆ ತಾನೇ ತೊಳೆಯುತ್ತಾಳೆ. ಮನೆಯಲ್ಲಿ ಮಗು ಉಂಟೆಂದು ಕೆಲಸದವರಿಗೂ ಗೊತ್ತಾಗುವುದಿಲ್ಲ.

ಮನೆ ಬಹಳ ದೊಡ್ಡದು ಎಂದು ಈಗೀಗ ಅನ್ನಿಸುತ್ತದೆ.

೩-೪-೧೯೬೧, ಸೋಮವಾರ

ಬಂಟ್ವಾಳ ಪೇಟೆಯಲ್ಲಿ ಸ್ವಲ್ಪ ಕೆಲಸವಿತ್ತು. ಕೆಲಸ ಎಂದರೆ ದೊಡ್ಡದೇನಲ್ಲ, ಒಕ್ಕಲಿನವನನ್ನು ಕಳುಹಿಸಿದ್ದರೂ ಆಗುತ್ತಿತ್ತು. ಸ್ವರ್ಣನನ್ನು ಕರೆದುಕೊಂಡು ನಾನೇ ಹೋದೆ. ಹಿಂದಿರುಗುವಾಗ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆವು. ಅಲ್ಲಿಯೂ ಫ್ಯಾಮಿಲಿ ರೂಮ್ ಉಂಟು, ಖಾಲಿಯೂ ಇತ್ತು. ಹೊರಗೇ ಕುಳಿತೆವು. ನನ್ನನ್ನು ಗುರುತಿಸಿದ ಇಬ್ಬರು ಗಡಬಡಿಸಿ ಎದ್ದು ನಿಂತರು, ಕುಳಿತುಕೊಳ್ಳಿ ಎಂದೆ.

ಮಸಾಲೆ ದೋಸೆ ಹೇಳಿದೆ, ಬನ್ಸ್ ಹೇಳಿದೆ, ಗೋಳಿಬಜೆ ಹೇಳಿದೆ. ಮೇಜಿನ ಮೇಲೆ ಜಾಗ ಸಾಲಲಿಲ್ಲ. ಸ್ವರ್ಣ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

ಪಕ್ಕದ ಮೇಜಿನಲ್ಲಿ ಗಂಡ ಹೆಂಡತಿ, ಮೂರು ಮಕ್ಕಳು. ಸಣ್ಣವನು ಮೇಜು ಹತ್ತಿ ಸಕ್ಕರೆ ಡಬ್ಬಿಯೊಳಗೆ ಕೈ ಹಾಕಿದ್ದ. ದೊಡ್ಡವಳು ಚಮಚದಿಂದ ತಂಬಿಗೆಯನ್ನು ಬಾರಿಸುತ್ತಿದ್ದಳು. ಅಪ್ಪ ಪೇಪರು ಓದುತ್ತಿದ್ದ. ಯಜಮಾನರು ಬಂದು ನನ್ನ ಹತ್ತಿರ ಬಗ್ಗಿ, "ತೊಂದರೆ ಆಗ್ತದಾ ಅಮ್ಮಾ? ಅವರಿಗೆ ಹೇಳುವನಾ?" ಎಂದು ಕೇಳಿದರು.

"ಇರಲಿ," ಎಂದೆ. "ಬಾರಿಸಲಿ."

ಸ್ವರ್ಣ ಆ ಕಡೆ ಒಮ್ಮೆ ನೋಡಿದಳು. ನಾನು ಕಾದೆ. ಮತ್ತೆ ತನ್ನ ತಟ್ಟೆಯನ್ನು ನೋಡಿದಳು.

"ನೋಡು, ಆ ಹುಡುಗಿ ಹೇಗೆ ಬಾರಿಸ್ತಾಳೆ," ಎಂದೆ.

"ತಪ್ಪು ಅಲ್ವಾ ಅಜ್ಜಿ?" ಎಂದಳು.

ಆಗ ನನ್ನ ಕೈ ನೀರಿನ ಲೋಟಕ್ಕೆ ತಾಗಿತು. ತಾಗಿತು ಎನ್ನುವಂತಿಲ್ಲ, ತಾಗಿಸಿದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಲೋಟ ಉರುಳಿತು. ನೀರು ಮೇಜಿನ ಮೇಲೆ ಹರಿದು ಅವಳ ಲಂಗದ ಮೇಲೆ ಸುರಿಯಿತು. ಪಕ್ಕದ ಮೇಜಿನ ಮಕ್ಕಳು ಹೋ ಎಂದು ನಕ್ಕರು. ನಾನೂ ನಗಲಿಕ್ಕೆ ನೋಡಿದೆ.

ಸ್ವರ್ಣನ ಮುಖ ಬಿಳಿಚಿತು. "ತಪ್ಪಾಯಿತು ಅಜ್ಜಿ," ಎಂದಳು.

"ನೀನಲ್ಲ ಮಗಾ. ನಾನು ಬೀಳಿಸಿದ್ದು."

"ತಪ್ಪಾಯಿತು," ಎಂದು ಮತ್ತೊಮ್ಮೆ ಹೇಳಿ ಕುರ್ಚಿಯಿಂದ ಇಳಿದಳು. ಲಂಗದ ಒದ್ದೆಯಾಗದ ತುದಿಯನ್ನು ಹಿಡಿದು ಮೇಜು ಒರೆಸಿದಳು. ಮೂಲೆ ಒರೆಸಿದಳು. ಮೊಣಕಾಲೂರಿ ನೆಲ ಒರೆಸತೊಡಗಿದಳು. ಪೇಪರು ಓದುತ್ತಿದ್ದವನು ತಲೆಯೆತ್ತಿ ತನ್ನ ಹೆಂಡತಿಗೆ ತೋರಿಸಿದ. ಅವರ ಮಕ್ಕಳೂ ಸುಮ್ಮನಾದರು.

"ಬಿಡು ಮಗಾ," ಎಂದೆ. "ಸಾಕು, ಬಿಡು. ಎದ್ದು ತಿನ್ನು."

ಆ ಬರಿಯ ಎಲೆಯ ದಿನಗಳ ನಂತರ ನಾನು ಹೇಳಿದ ಮಾತನ್ನು ಅವಳು ಕೇಳದೆ ಇದ್ದದ್ದು ಇಂದೇ. ಬಿಡು ಎಂದು ಮತ್ತೆ ಮತ್ತೆ ಹೇಳಿದೆ. ಒರೆಸುತ್ತಲೇ ಇದ್ದಳು.